ಬೇಸಗೆಯಲ್ಲಿ ಗಿಡಗಳಿಗೆ ನೀರೂಡುವ ಕ್ರಮ

ಮಹಾಕವಿ ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ವು ಗ್ರೀಷ್ಮಋತುವಿನ ಗಾನದೊಡನೆ ಆರಂಭವಾಗುತ್ತದೆ. ಪ್ರಥಮಾಂಕದಲ್ಲಿ ದುಷ್ಯಂತನು ಕಾಣುವ ಆಶ್ರಮಕನ್ಯೆಯರು ತಮ್ಮ ತಮ್ಮ ಅಳವಿಗೆ ತಕ್ಕ ಕೊಡಗಳನ್ನು ಹಿಡಿದು ಎಳೆಯ ಗಿಡಗಳಿಗೆ ನೀರೆರೆಯಲು ಬರುತ್ತಾರೆ. ಅವರು ತುಂಬುವುದು ಗಿಡದ ಬುಡದಲ್ಲಿ ಕಟ್ಟಿದ ‘ಆಲವಾಲ’ವನ್ನು. ಆಲವಾಲವೆಂದರೆ ಕನ್ನಡದ ‘ಪಾತಿ’. ಅಮರಕೋಶವು ಇದಕ್ಕೆ ಆವಾಲ, ಆವಾಪ ಎಂಬ ಪರ್ಯಾಯಪದಗಳನ್ನೂ ಹೇಳುತ್ತದೆ. ಬೇಸಗೆ, ಎಳೆಯ ಗಿಡ, ಅಳವಿಗೆ ತಕ್ಕ ಕೊಡ, ಬುಡದ ಪಾತಿ – ನೀರೂಡುವ ವಿದ್ಯೆಯ ಸಾರವೆಲ್ಲವೂ ಈ ನಾಲ್ಕು ಮಾತುಗಳಲ್ಲಿ ಅಡಗಿದೆ.

1950ರಲ್ಲಿ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಪ್ರತಿವರ್ಷವೂ ಮಳೆಗಾಲದಲ್ಲಿ ಶಾಲೆಗಳ ಅಂಗಳದಲ್ಲಿ ಸಸಿಗಳನ್ನು ನೆಡುವ ಸಂಪ್ರದಾಯ ಬೆಳೆದುಬಂದಿದೆ. ನೆಡುವುದು ಒಂದು ದಿನದ ಉತ್ಸವ. ಕಾಪಾಡುವುದು ಮೂರು ಬೇಸಗೆಗಳ ವ್ರತ. ಶ್ರಾವಣದಲ್ಲಿ ನಳನಳಿಸಿದ ಸಸಿ ವೈಶಾಖದಲ್ಲಿ ಒಣಕಡ್ಡಿಯಾಗುವುದನ್ನು ಯಾವ ಊರಿನಲ್ಲಿಯೂ ಕಾಣಬಹುದು. ಇದಕ್ಕೆ ನೀರಿನ ಅಭಾವವೊಂದೇ ಕಾರಣವಲ್ಲ. ಇರುವ ನೀರನ್ನು ಕ್ರಮವರಿತು ಕೊಡದಿರುವುದೂ ಕಾರಣ.

ಸಸ್ಯವು ಬೇರಿನಿಂದ ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲಿಗೂ ಮಿಗಿಲಾದುದು ಎಲೆಗಳ ಸೂಕ್ಷ್ಮವಾದ ಪತ್ರರಂಧ್ರಗಳ ಮೂಲಕ ಆವಿಯಾಗಿ ಹೊರಗೆ ಹೋಗುತ್ತದೆ. ಈ ಬಾಷ್ಪವಿಸರ್ಜನೆಯಿಂದ ಎಲೆಗಳು ತಂಪಾಗುತ್ತವೆ. ಬಿಸಿಲೇರಿದಾಗ ಹೊರಗೆ ಹೋಗುವಷ್ಟು ನೀರನ್ನು ಬೇರು ಅದೇ ವೇಗದಲ್ಲಿ ಒದಗಿಸಲಾರದು. ಆದುದರಿಂದ ನೆಲದಲ್ಲಿ ತೇವವಿದ್ದರೂ ನಡುಹಗಲಿನಲ್ಲಿ ಎಲೆಗಳು ಜೋಲುವುದುಂಟು. ಸಂಜೆಗೆ ತಾವೇ ಚೇತರಿಸಿಕೊಳ್ಳುತ್ತವೆ. ಇಂತಹ ಬಾಡಿಕೆಯನ್ನು ಕಂಡು ಗಾಬರಿಯಿಂದ ನೀರು ಸುರಿಯಬೇಕಾಗಿಲ್ಲ. ಬೆಳಗಿನ ತಂಪಿನಲ್ಲಿಯೂ ಎಲೆ ಜೋತುಬಿದ್ದಿದ್ದರೆ ಅದೇ ನಿಜವಾದ ದಾಹ. ಪಾತಿಯ ಮಣ್ಣನ್ನು ಬೆರಳುದ್ದ ಕೆದಕಿ ನೋಡುವುದು ಇನ್ನೂ ಖಚಿತವಾದ ಪರೀಕ್ಷೆ.

ಮೊದಲನೆಯದು ಕಾಲದ ವಿಚಾರ. 6ನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯ ವೃಕ್ಷಾಯುರ್ವೇದ ಪ್ರಕರಣದಲ್ಲಿ, ನೆಟ್ಟ ಗಿಡಗಳಿಗೆ ಬೇಸಗೆಯಲ್ಲಿ ಬೆಳಗು ಬೈಗುಗಳೆರಡರಲ್ಲಿಯೂ, ಚಳಿಗಾಲದಲ್ಲಿ ದಿನ ಬಿಟ್ಟು ದಿನವೂ, ಮಳೆಗಾಲದಲ್ಲಿ ನೆಲ ಒಣಗಿದಾಗಲೂ ನೀರೆರೆಯಬೇಕೆಂದು ವಿಧಿಸಿದ್ದಾನೆ. ಇಲ್ಲಿ ‘ರೋಪಿತ’, ಎಂದರೆ ನೆಟ್ಟ, ಎಂಬ ವಿಶೇಷಣವನ್ನು ಗಮನಿಸಬೇಕು. ಹೊಸದಾಗಿ ನೆಟ್ಟ ಸಸಿಯ ಬೇರು ಒಂದು ಹಿಡಿ ಮಣ್ಣಿನಲ್ಲಿಯೇ ಇರುವುದರಿಂದ ಅದಕ್ಕೆ ಮೇಲಿಂದ ಮೇಲೆ ನೀರು ಬೇಕು. ಬೇರು ಕೆಳಕ್ಕಿಳಿದಂತೆಲ್ಲ ಅಂತರವನ್ನು ಹೆಚ್ಚಿಸುತ್ತ ಹೋಗುವುದು ಯುಕ್ತ. ಎರಡು ಹೊತ್ತುಗಳಲ್ಲಿ ಬೆಳಗಿನ ಹೊತ್ತೇ ಉತ್ತಮ. ಆಗ ಗಾಳಿ ಶಾಂತವಾಗಿರುತ್ತದೆ, ನೆಲ ತಣ್ಣಗಿರುತ್ತದೆ. ಸಂಜೆ ಎಲೆಗಳನ್ನು ತೋಯಿಸಿದರೆ ಇರುಳೆಲ್ಲ ಒದ್ದೆಯಾಗಿ ಉಳಿದು ಶಿಲೀಂಧ್ರ ರೋಗಗಳಿಗೆ ಎಡೆಯಾಗುತ್ತದೆ. ನಡುಹಗಲಿನಲ್ಲಿ ಎರೆದರೆ ನೀರಿನ ಒಂದು ಪಾಲು ಬೇರನ್ನು ಮುಟ್ಟುವ ಮೊದಲೇ ಆವಿಯಾಗುತ್ತದೆ. ಬಿಸಿಲಿನಲ್ಲಿ ಬಿದ್ದಿರುವ ರಬ್ಬರ್ ಕೊಳವೆಯೊಳಗಿನ ಕಾದ ನೀರನ್ನು ಮೊದಲು ಬಕೀಟಿಗೆ ಬಿಟ್ಟು, ಆರಿದ ಮೇಲೆ ಬಳಸಬೇಕು.

ಎರಡನೆಯದು ಸ್ಥಳ. ನೀರನ್ನು ಹೀರುವುದು ಎಳೆಬೇರುಗಳ ತುದಿಯ ಭಾಗ. ಎಳೆಯ ಸಸಿಗೆ ಪಾತಿ ಬುಡದ ಸುತ್ತ ಇದ್ದರೆ ಸಾಕು. ಬೆಳೆದ ಮರಕ್ಕೆ ಕಾಂಡದ ಬಳಿ ಎರೆದ ನೀರಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ಕೊಂಬೆಗಳ ನೆರಳು ಚಾಚಿರುವ ಅಂಚಿನಲ್ಲಿ ಬಳೆಯಾಕಾರದ ಪಾತಿಯನ್ನು ತೆಗೆಯಬೇಕು.

ಮೂರನೆಯದು ಪ್ರಮಾಣ. ಹೆಚ್ಚಿನವರು ಎಡವುವುದು ಇಲ್ಲಿಯೇ. ಎರಡು ಅಡಿ ಅಗಲದ ಪಾತಿಗೆ 15 ಲೀಟರಿನ ಒಂದು ಕೊಡ ನೀರನ್ನು ಸಾವಕಾಶವಾಗಿ ಎರೆದರೆ ತೇವವು ಸುಮಾರು ಒಂದು ಅಡಿ ಆಳಕ್ಕೆ ಇಳಿಯುತ್ತದೆ. ಅದೇ ಕೊಡವನ್ನು ಐದು ದಿನಗಳಿಗೆ ಹಂಚಿ ದಿನಕ್ಕೆ ಮೂರು ಲೀಟರಿನಂತೆ ಚಿಮುಕಿಸಿದರೆ ನೆನೆಯುವುದು ಎರಡು ಅಂಗುಲ ಮಾತ್ರ. ಅದರಲ್ಲಿ ಹೆಚ್ಚಿನದು ಬಿಸಿಲಿನ ಪಾಲು. ಮೇಲೆಯೇ ತೇವ ದೊರೆಯುವ ಗಿಡದ ಬೇರು ಮೇಲೆಯೇ ಹರಡುತ್ತದೆ. ಒಂದು ವಾರ ನೀರು ತಪ್ಪಿದರೆ ಮೊದಲು ಸಾಯುವುದು ಅಂತಹ ಗಿಡವೇ. ಸವುಳು ನೀರಿರುವ ಕಡೆ ಇನ್ನೊಂದು ಕೇಡುಂಟು: ತೆಳುವಾಗಿ ಎರೆದ ನೀರು ಆವಿಯಾಗಿ ಹೋಗಿ ಉಪ್ಪು ಮೇಲ್ಮಣ್ಣಿನಲ್ಲಿಯೇ ನಿಲ್ಲುತ್ತದೆ. ಕೆಮ್ಮಣ್ಣು ನೀರನ್ನು ಬೇಗ ಇಂಗಿಸಿ ಬೇಗ ಒಣಗುವುದರಿಂದ ಅಲ್ಲಿ ಸರದಿ ಬೇಗ ಬರಬೇಕು. ಎರೆಮಣ್ಣು ಬಹುಕಾಲ ತೇವವನ್ನು ಹಿಡಿಯುತ್ತದೆ. ಆದರೆ ಬೇಸಗೆಯಲ್ಲಿ ಬಿರಿಯುತ್ತದೆ. ಮೇಲ್ಮಣ್ಣನ್ನು ಕೆದಕಿ ಬಿರುಕುಗಳನ್ನು ಮುಚ್ಚಿದ ಬಳಿಕವೇ ಅಲ್ಲಿ ನೀರೂಡಬೇಕು.

ಎರೆದ ನೀರನ್ನು ಉಳಿಸಿಕೊಳ್ಳಲು ಪಾತಿಗೆ ಹೊದಿಕೆ ಬೇಕು. ಒಣ ಎಲೆ, ತೊಗರಿಯ ಹೊಟ್ಟು, ಕಬ್ಬಿನ ರವದಿ – ಯಾವುದಾದರೂ ಮೂರು ನಾಲ್ಕು ಅಂಗುಲ ದಪ್ಪನಾಗಿರಲಿ. ಗೆದ್ದಲು ಹತ್ತದಂತೆ ಕಾಂಡದಿಂದ ಒಂದು ಗೇಣು ದೂರವಿರಲಿ. ಸಸಿಯ ಪಕ್ಕದಲ್ಲಿ ಮಣ್ಣಿನ ಗಡಿಗೆಯೊಂದನ್ನು ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ, ಬಾಯಿ ಮುಚ್ಚಿಡುವುದು ಮತ್ತೊಂದು ಉಪಾಯ. ಸುತ್ತಣ ಮಣ್ಣು ಒಣಗಿದಂತೆ ಗಡಿಗೆಯ ಸೂಕ್ಷ್ಮರಂಧ್ರಗಳಿಂದ ನೀರು ಜಿನುಗುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಚೀನಾ ದೇಶದ ಕೃಷಿಗ್ರಂಥವೊಂದರಲ್ಲಿಯೂ ಈ ಕ್ರಮವು ವರ್ಣಿತವಾಗಿದೆ.

ಹುಲ್ಲುಹಾಸಿನ ವಿಷಯ ಬೇರೆ. ಒಂದು ಚದರ ಮೀಟರಿಗೆ ಒಂದು ಲೀಟರ್ ಎರೆದರೆ ಒಂದು ಮಿಲಿಮೀಟರ್ ಮಳೆಯಾದಂತೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಹುಲ್ಲುಹಾಸಿಗೆ ದಿನಕ್ಕೆ ಐದು ಮಿಲಿಮೀಟರಿನಂತೆ ಕೊಟ್ಟರೂ 500 ಲೀಟರ್ ಬೇಕು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಒಬ್ಬರಿಗೆ ದಿನಕ್ಕೆ ಗೊತ್ತುಪಡಿಸಿದ ನೀರು 55 ಲೀಟರ್. ಆ ಹಸಿರು ಚೌಕವು ಒಂಬತ್ತು ಮಂದಿಯ ನೀರನ್ನು ಕುಡಿಯುತ್ತದೆ ಎಂದಾಯಿತು. 2024ರ ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ತೋಟಗಳಿಗೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಬೇಕಾಯಿತು. ಗರಿಕೆಯು ಬೇಸಗೆಯಲ್ಲಿ ಕಂದಿದರೂ ಅದರ ಗೆಣ್ಣುಗಳಲ್ಲಿ ಜೀವವಿರುತ್ತದೆ. ಮೊದಲ ಮಳೆಗೆ ಚಿಗುರುತ್ತದೆ. ಅದನ್ನು ಎರಡು ಅಂಗುಲಕ್ಕಿಂತ ಕಡಿಮೆ ಕತ್ತರಿಸದೆ, ಕಂದಲು ಬಿಡುವುದೇ ಲೇಸು. ಹುಲ್ಲು ಮರಳಿ ಹುಟ್ಟುತ್ತದೆ. ಸತ್ತ ಸಸಿ ಹುಟ್ಟುವುದಿಲ್ಲ. ಆದುದರಿಂದ ನೀರು ಮೊದಲು ಎಳೆಯ ಸಸಿಗೆ, ಅನಂತರ ಹೂಗಿಡಕ್ಕೆ, ಮಿಕ್ಕರೆ ಹುಲ್ಲಿಗೆ. ಅಕ್ಕಿ ತೊಳೆದ ನೀರು, ಸಾಬೂನು ಬೆರೆಯದ ಕೈತೊಳೆದ ನೀರು ಇವುಗಳನ್ನು ಬಾಳೆಯ ಪಾತಿಗೆ ತಿರುಗಿಸಿದರೆ ಅದೂ ಉಳಿತಾಯವೇ.

ಶಾಲೆಯ ತೋಟಕ್ಕೆ ಒಂದು ವಿಶೇಷ ಸಂಕಟವುಂಟು. ಬಿಸಿಲು ಅತಿ ತೀಕ್ಷ್ಣವಾಗಿರುವ ಏಪ್ರಿಲ್–ಮೇ ತಿಂಗಳುಗಳಲ್ಲಿಯೇ ಮಕ್ಕಳಿಗೆ ರಜೆ. ಊರಿನಲ್ಲಿಯೇ ಉಳಿಯುವ ವಿದ್ಯಾರ್ಥಿಗಳು ಸರದಿಯನ್ನು ಗೊತ್ತುಮಾಡಿಕೊಂಡು, ವಾರಕ್ಕೆ ಎರಡು ಬೆಳಗು ಒಬ್ಬೊಬ್ಬರು ಒಂದೆರಡು ಸಸಿಗಳಿಗೆ ಒಂದೊಂದು ಕೊಡ ಎರೆದರೆ, ನಾಟಿಯಾಗಿ ಕೆಲವು ತಿಂಗಳು ಕಳೆದ ಸಸಿಗಳು ಬೇಸಗೆಯನ್ನು ದಾಟುತ್ತವೆ. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯನವರು ಆಲದ ಸಸಿಗಳನ್ನು ನೆಟ್ಟು, ಮುಳ್ಳಿನ ಬೇಲಿ ಕಟ್ಟಿ, ಕೊಡಗಳಲ್ಲಿ ನೀರು ಹೊತ್ತು ಸಾಕಿದರು. ಕೂಲಿ ಮಾಡಿ ಬದುಕುತ್ತಿದ್ದ ಆ ದಂಪತಿಗಳಿಗೆ ಇದ್ದ ಸಾಧನ ಕೊಡವೊಂದೇ. 2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಆ ದಾರಿಯ ನೆರಳು ನೆಟ್ಟ ದಿನದ ಫಲವಲ್ಲ, ನೀರೆರೆದ ದಿನಗಳ ಫಲ. ವಿದ್ಯಾರ್ಥಿಗಳು ಈ ಮಾತನ್ನು ನೆನಪಿನಲ್ಲಿಟ್ಟು, ಬರುವ ಬೇಸಗೆಯಲ್ಲಿ ತಮ್ಮ ಅಳವಿಗೆ ತಕ್ಕ ಕೊಡವನ್ನು ಕೈಗೆತ್ತಿಕೊಳ್ಳಲಿ.