ಪೆಟ್ ಸ್ಕ್ಯಾನ್: ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ

ಹಾವೇರಿ: ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಬಹುಕಾಲ ಕಾಡುವ ಪ್ರಶ್ನೆ ಒಂದೇ, ರೋಗ ಮರುಕಳಿಸಿದೆಯೇ? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ರೋಗಿಗಳು ಇದಕ್ಕೆ ಉತ್ತರ ಅರಸಿ ಹುಬ್ಬಳ್ಳಿಗೋ ಬೆಂಗಳೂರಿಗೋ ತೆರಳಿ ಪೆಟ್ ಸ್ಕ್ಯಾನ್ ಮಾಡಿಸಬೇಕಾಗುತ್ತದೆ. ವೈದ್ಯರನ್ನು ಕಾಣುವ ಮುನ್ನವೇ ವರದಿ ಕೈಸೇರಿದರೆ, ಅದರ ಒಂದು ಸಾಲು ಇಡೀ ಮನೆಯ ನಿದ್ದೆಗೆಡಿಸಬಲ್ಲದು.

ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪು ಬಣ್ಣ ಕಂಡು ಖಾರವನ್ನು ಅಳೆಯುವವರು ತಪ್ಪುತ್ತಾರೆ. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಪೆಟ್ ಚಿತ್ರದ ಹೊಳಪನ್ನು ಓದುವಾಗಲೂ ಇದೇ ಎಚ್ಚರ ಅಗತ್ಯ.

ಹೊಳಪು ಏಕೆ?

ಸ್ಕ್ಯಾನ್‌ಗೆ ಮುನ್ನ ಎಫ್‌ಡಿಜಿ ಎಂಬ, ಸಕ್ಕರೆಯನ್ನು ಹೋಲುವ ವಿಕಿರಣಶೀಲ ದ್ರಾವಣವನ್ನು ರಕ್ತನಾಳಕ್ಕೆ ನೀಡಲಾಗುತ್ತದೆ. ಸಕ್ಕರೆಯನ್ನು ಹೆಚ್ಚು ಬಳಸುವ ಜೀವಕೋಶಗಳು ಇದನ್ನು ಹೆಚ್ಚು ಹೀರಿಕೊಳ್ಳುತ್ತವೆ. ಸುಮಾರು 1 ಗಂಟೆಯ ಬಳಿಕ ತೆಗೆದ ಚಿತ್ರದಲ್ಲಿ ಆ ಭಾಗ ಹೊಳೆಯುತ್ತದೆ. ಬಹುತೇಕ ಕ್ಯಾನ್ಸರ್ ಕೋಶಗಳ ಸ್ವಭಾವ ಇದೇ. ಆದರೆ ಮಿದುಳು ಮತ್ತು ಹೃದಯವೂ ಸಹಜವಾಗಿ ಹೊಳೆಯಬಲ್ಲವು. ದ್ರಾವಣವು ಮೂತ್ರದಲ್ಲಿ ಹೊರಹೋಗುವುದರಿಂದ ಮೂತ್ರಕೋಶವೂ ಹೊಳೆಯುತ್ತದೆ. ಮಾಯುತ್ತಿರುವ ಗಾಯ, ಸೋಂಕು, ಕ್ಷಯ, ವಿಕಿರಣ ಚಿಕಿತ್ಸೆಯ ನಂತರದ ಉರಿಯೂತವೂ ಹಾಗೆಯೇ ಕಾಣಬಹುದು. ಮಧುಮೇಹದ ಮೆಟ್‌ಫಾರ್ಮಿನ್ ಮಾತ್ರೆ ಕರುಳಿನ ಹೊಳಪನ್ನೇ ಹೆಚ್ಚಿಸಬಲ್ಲದು.

ವರದಿಯಲ್ಲಿ ನಮೂದಾಗುವ ಎಸ್‌ಯುವಿ ಎಂಬ ಅಂಕಿ ಹೊಳಪಿನ ಅಳತೆಯಷ್ಟೇ. ಇಷ್ಟು ಮೀರಿದರೆ ಕ್ಯಾನ್ಸರ್ ಎಂದು ಹೇಳುವ ಗೆರೆ ಯಾವುದೂ ಇಲ್ಲ.

ಹೊಳಪಿಲ್ಲದಿದ್ದರೆ?

ನಿಶ್ಚಿಂತೆಯಿಂದ ಕೂರುವಂತೆಯೂ ಇಲ್ಲ. 1 ಸೆಂಟಿಮೀಟರ್‌ಗಿಂತ ಚಿಕ್ಕ ಗಂಟು, ಲೋಳೆ ತುಂಬಿದ ಬಗೆಯ ಗೆಡ್ಡೆ ಹೊಳೆಯದೇ ಇರಬಹುದು. ಇತ್ತೀಚೆಗೆ ಪಡೆದ ಕಿಮೊಥೆರಪಿ, ರಕ್ತದಲ್ಲಿ ಏರಿದ ಸಕ್ಕರೆ ಅಂಶವೂ ರೋಗವನ್ನು ಮರೆಮಾಚಬಲ್ಲವು.

ಯಾವಾಗ ಬೇಕು?

ರೋಗ ಮರಳುವುದಾದರೆ ಹೆಚ್ಚಿನವರಲ್ಲಿ ಮೊದಲ 3 ವರ್ಷಗಳೊಳಗೇ ಮರಳುತ್ತದೆ. ನಿಯಮಿತ ನಿಗಾಕ್ಕೆ ಸಿಇಎ ರಕ್ತಪರೀಕ್ಷೆ, ಸಿಟಿ ಸ್ಕ್ಯಾನ್, ಕೊಲೊನೋಸ್ಕೋಪಿ ಸಾಕು. ಸಿಇಎ ಏರುತ್ತಿದ್ದರೂ ಸಿಟಿಯಲ್ಲಿ ಕಾರಣ ಕಾಣದಿದ್ದಾಗ, ಕಂಡದ್ದು ಗಾಯದ ಕಲೆಯೋ ಗೆಡ್ಡೆಯೋ ಎಂಬ ಸಂಶಯವಿದ್ದಾಗ, ಯಕೃತ್ತಿಗೆ ಹರಡಿದ ಗಂಟನ್ನು ಕತ್ತರಿಸಿ ತೆಗೆಯುವ ಮುನ್ನ ಪೆಟ್ ನೆರವಾಗುತ್ತದೆ. ಯಕೃತ್ತು ಅಥವಾ ಶ್ವಾಸಕೋಶಕ್ಕಷ್ಟೇ ಸೀಮಿತವಾಗಿ ಮರಳಿದ ರೋಗವನ್ನು ಸಕಾಲದಲ್ಲಿ ಪತ್ತೆ ಹಚ್ಚಿದರೆ, ಕೆಲವರಲ್ಲಿ ಶಸ್ತ್ರಚಿಕಿತ್ಸೆಯಿಂದ ಗುಣಪಡಿಸಲು ಇಂದಿಗೂ ಸಾಧ್ಯ. ಹೀಗಾಗಿ ಹೊಳಪನ್ನು ಕಡೆಗಣಿಸುವಂತಿಲ್ಲ, ಅದನ್ನೇ ತೀರ್ಪೆಂದು ಒಪ್ಪುವಂತೆಯೂ ಇಲ್ಲ. ಸಂಶಯ ಉಳಿದಾಗ, ಸಾಧ್ಯವಿದ್ದಲ್ಲಿ ಬಯಾಪ್ಸಿಯೇ ನಿರ್ಣಾಯಕ.

ಹೊರಡುವ ಮುನ್ನ

ಚುಚ್ಚುಮದ್ದಿಗೆ 4ರಿಂದ 6 ಗಂಟೆ ಮೊದಲಿನಿಂದ ನೀರಲ್ಲದೆ ಬೇರೇನೂ ಸೇವಿಸಬಾರದು. ದಾರಿಯಲ್ಲಿ ಕುಡಿದ ಒಂದು ಲೋಟ ಸಿಹಿ ಚಹಾ ಸಾಕು, ಪರೀಕ್ಷೆ ಕೆಡಲು. ಹಿಂದಿನ ದಿನ ಹೊಲದ ಶ್ರಮದ ಕೆಲಸ ಬೇಡ. ದುಡಿದ ಸ್ನಾಯುಗಳೂ ಹೊಳೆಯುತ್ತವೆ. ಮಧುಮೇಹಿಗಳು ತಾವಾಗಿ ಔಷಧ ನಿಲ್ಲಿಸದೆ ಮೊದಲೇ ವೈದ್ಯರನ್ನು ಕೇಳಬೇಕು. ದ್ರಾವಣದ ವಿಕಿರಣ ಸುಮಾರು 110 ನಿಮಿಷಕ್ಕೆ ಅರ್ಧಕ್ಕಿಳಿಯುವುದರಿಂದ ನಿಗದಿತ ಸಮಯಕ್ಕೆ ತಲುಪುವುದು ಮುಖ್ಯ.

ಶಸ್ತ್ರಚಿಕಿತ್ಸೆ ಹಾಗೂ ವಿಕಿರಣ ಚಿಕಿತ್ಸೆಯ ದಿನಾಂಕ, ಹಳೆಯ ಸ್ಕ್ಯಾನ್‌ಗಳು, ಬಯಾಪ್ಸಿ ವರದಿ ಮತ್ತು ಸಿಇಎ ಅಂಕಿಗಳನ್ನು ತಪ್ಪದೆ ಒಯ್ಯಬೇಕು. ಇವುಗಳೊಂದಿಗೆ ಹೋಲಿಸಿ ಓದಿದಾಗಲೇ ಆ ಹೊಳಪಿಗೆ ಅರ್ಥ ಬರುತ್ತದೆ.