ಡಾಬರ್‌ಮನ್ ನಾಯಿ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಅಪೋಲ್ಡಾ ಎಂಬ ಊರಿನಲ್ಲಿ ಡಾಬರ್‌ಮನ್ ಎಂಬ ಕರವಸೂಲಿಗಾರನಿದ್ದನು. ಹಣದ ಚೀಲವನ್ನು ಹೊತ್ತು ಒಂಟಿಯಾಗಿ ತಿರುಗುವವನಿಗೆ ಕಳ್ಳರ ಭಯ ಸಹಜವಲ್ಲವೇ? ಊರಿನ ಬೀಡಾಡಿ ನಾಯಿಗಳನ್ನು ಹಿಡಿದಿಡುವ ಕೆಲಸವೂ ಅವನದೇ ಆಗಿದ್ದಿತು. ಹೀಗಾಗಿ ಧೈರ್ಯವೂ ಚುರುಕುತನವೂ ಉಳ್ಳ ಹೊಸ ತಳಿಯೊಂದನ್ನು ಬೆಳೆಸಿದನು. ಯಾವ ಯಾವ ನಾಯಿಗಳನ್ನು ಕೂಡಿಸಿದನೆಂಬುದನ್ನು ಮಾತ್ರ ಬರೆದಿಡಲಿಲ್ಲ! 1894ರಲ್ಲಿ ಅವನು ತೀರಿಕೊಂಡ ಮೇಲೆ ತಳಿಗೆ ಅವನ ಹೆಸರೇ ನಿಂತಿತು.

ಗಂಡುನಾಯಿಯ ಎತ್ತರ ಸುಮಾರು 70 ಸೆಂಟಿಮೀಟರು. ಮೈಬಣ್ಣ ಹೆಚ್ಚಾಗಿ ಕಪ್ಪು ಅಥವಾ ಕಂದು. ಚಿತ್ರಗಳಲ್ಲಿ ಕಾಣುವ ನಿಮಿರಿದ ಕಿವಿಯು ಹುಟ್ಟಿನಿಂದ ಬಂದುದಲ್ಲ, ಕತ್ತರಿಯಿಂದ ಬಂದುದು. ಹಾಗೆಯೇ ಬಿಟ್ಟರೆ ಕಿವಿ ಜೋತುಬೀಳುತ್ತದೆ, ಬಾಲವೂ ಉದ್ದವಾಗಿರುತ್ತದೆ. ಅದರ ತವರಾದ ಜರ್ಮನಿಯಲ್ಲಿ ಅಂದಕ್ಕಾಗಿ ಕಿವಿ ಕತ್ತರಿಸುವುದು ಈಗ ನಿಷಿದ್ಧ. ಜೋತುಕಿವಿಯ ಡಾಬರ್‌ಮನ್ನೂ ಅಷ್ಟೇ ಎಚ್ಚರದಿಂದ ಬಾಗಿಲು ಕಾಯುತ್ತದೆ.