ಕೌದಿಯ ಬಟ್ಟೆ: ಕೂಡಿಡುವ ಬಗೆ, ವಿಂಗಡಿಸುವ ಬಗೆ

ಕೌದಿ ಹೊಲಿಯುವ ಮನೆಯಲ್ಲಿ ಬಟ್ಟೆಗೆ ಬರವಿಲ್ಲ. ಅಜ್ಜಿಯ ನೂಲಿನ ಸೀರೆ, ಅಪ್ಪನ ಪಂಚೆ, ಮಕ್ಕಳ ಸ್ಕೂಲ್ ಯೂನಿಫಾರಂ, ಅರಿಶಿನ ಕುಂಕುಮಕ್ಕೆ ಹೋದ ಕಡೆಯೆಲ್ಲ ಕೊಟ್ಟ ರವಿಕೆ ಕಣ, ಟೈಲರ್ ಅಂಗಡಿಯಿಂದ ಕೇಳಿ ತಂದ ಚೂರು, ಎಲ್ಲ ಸೇರಿ ಒಂದು ಗಂಟಾಗಿ ಅಟ್ಟ ಹತ್ತುತ್ತವೆ. ಆದರೆ ಬೇಕೆಂದಾಗ ಬೇಕಾದ ತುಂಡು ಕೈಗೆ ಸಿಗುವುದಿಲ್ಲ. ಗಂಟು ಬಿಚ್ಚಿದರೆ ಮೇಲಿನದು ಚೆನ್ನಾಗಿರುತ್ತದೆ, ತಳದ್ದು ಮುಗ್ಗಲು ಹಿಡಿದಿರುತ್ತದೆ. ಹೊಲಿಯಲು ಕೂತ ಮೇಲೆ ಬಟ್ಟೆ ಹುಡುಕಲು ಹೊರಟರೆ ಕೌದಿ ಅರ್ಧಕ್ಕೇ ನಿಲ್ಲುತ್ತದೆ. ಬಟ್ಟೆ ಒಪ್ಪವಾಗಿದ್ದರೆ ಸೂಜಿಗೆ ದಾರ ಪೋಣಿಸುವ ಮೊದಲೇ ಅರ್ಧ ಕೆಲಸ ಮುಗಿದ ಹಾಗೆ. ಈ ಅಧ್ಯಾಯ ಆ ಮೊದಲರ್ಧವನ್ನು ಕುರಿತದ್ದು.

ಇಲ್ಲಿನ ಸಲಹೆಗಳನ್ನು ಬೆಟ್ಟದಪುರದ ಸುತ್ತಿನ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಪಡುವಣ ಮಗ್ಗುಲಿಗೇ ಕೊಡಗು. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ನೆತ್ತಿ ಮೋಡದಲ್ಲಿ ಮುಚ್ಚಿಕೊಂಡ ಆಷಾಢದ ದಿನಗಳಲ್ಲಿ ಹಗ್ಗದ ಮೇಲೆ ಹರವಿದ ಬಟ್ಟೆ ಸಂಜೆಯಾದರೂ ಒಣಗದು. ಹುಣಸೂರು, ಎಚ್.ಡಿ. ಕೋಟೆಯ ಕಾಡಂಚಿನಲ್ಲೂ ಕೆ.ಆರ್. ನಗರದ ನಾಲೆ ಬಯಲಿನಲ್ಲೂ ತೇವದ ಕಾಟ ತಪ್ಪಿದ್ದಲ್ಲ. ಗಾಳಿಯ ತೇವಾಂಶ ಶೇ. 65–70 ದಾಟಿ ಹಲವು ದಿನ ಹಾಗೇ ನಿಂತರೆ ಬಟ್ಟೆಯ ಮೇಲೆ ಬೂಷ್ಟು ಬೆಳೆಯುತ್ತದೆ. ಆದ್ದರಿಂದ ನಮ್ಮ ಸೀಮೆಯಲ್ಲಿ ಬಟ್ಟೆ ಕಾಯುವುದೆಂದರೆ ಮೊದಲು ತೇವದಿಂದ ಕಾಯುವುದು.

ಟ್ರಂಕಿಗೆ ಹೋಗುವ ಮುನ್ನ

ಉಟ್ಟು ಬಿಟ್ಟ ಬಟ್ಟೆಯನ್ನು ಒಗೆಯದೆ ಎತ್ತಿಡಬಾರದು. ಬೆವರು, ಎಣ್ಣೆ, ಊಟದ ಕಲೆ ಇವತ್ತು ಕಣ್ಣಿಗೆ ಕಾಣದಿದ್ದರೂ ವರ್ಷ ಕಳೆಯುವಷ್ಟರಲ್ಲಿ ಹಳದಿಯಾಗಿ ಮೇಲೇಳುತ್ತವೆ, ಹುಳವನ್ನೂ ಕರೆಯುತ್ತವೆ. ಗಂಜಿ ಹಾಕಿದ ಬಟ್ಟೆಗೆ ಅಪಾಯ ಇನ್ನೂ ಹೆಚ್ಚು. ಗಂಜಿಯ ಪಿಷ್ಟ ಬೆಳ್ಳಿಹುಳಕ್ಕೂ ಜಿರಳೆಗೂ ಒಳ್ಳೆಯ ಆಹಾರ. ಹೊಸ ರವಿಕೆ ಕಣವೂ ಸಾಮಾನ್ಯವಾಗಿ ಗಂಜಿ ಹೊತ್ತೇ ಬಂದಿರುತ್ತದೆ, ಅದನ್ನೂ ಬಿಸಿನೀರಿನಲ್ಲಿ ನೆನೆಸಿ ಒಗೆಯಬೇಕು. ಹೊಸ ಹತ್ತಿಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಒಗೆಯದೆ ಹಾಗೇ ಹಳೆ ಸೀರೆಯ ಪಕ್ಕ ಹೊಲಿದರೆ ಕೌದಿ ನೀರು ಕಂಡ ಕೂಡಲೇ ಅಲ್ಲಲ್ಲಿ ಸುಕ್ಕುಗಟ್ಟಿ ಎಳೆದುಕೊಳ್ಳುತ್ತದೆ.

ಬಣ್ಣ ಬಿಡುತ್ತದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ. ಬಿಳಿ ಚೂರೊಂದನ್ನು ಒದ್ದೆ ಮಾಡಿ ಬಟ್ಟೆಯ ಮೂಲೆಗೆ ಉಜ್ಜಿದರೆ ಸಾಕು. ಕಡುಗೆಂಪು, ನೀಲಿ, ಕಪ್ಪು ಬಟ್ಟೆಗಳಿಗೆ ಈ ಪರೀಕ್ಷೆ ತಪ್ಪದೆ ಬೇಕು. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಮನೆಮನೆಯಲ್ಲೂ ಹೇಳುತ್ತಾರೆ. ಆದರೆ ಬಣ್ಣ ಹಾಕುವಾಗಲೇ ಎಳೆಗೆ ಸರಿಯಾಗಿ ಹಿಡಿಯದ ಬಣ್ಣವನ್ನು ಉಪ್ಪು ನಿಲ್ಲಿಸಲಾರದು. ನಾಲ್ಕೈದು ಸಲ ಒಗೆದರೂ ನೀರು ಕೆಂಪಾಗುತ್ತಿದ್ದರೆ ಆ ಬಟ್ಟೆಯನ್ನು ಕೌದಿಯ ಲೆಕ್ಕದಿಂದ ಕೈಬಿಡಿ. ಅದೊಂದೇ ತುಂಡು ಇಡೀ ಕೌದಿಯನ್ನು ಕೆಡಿಸುತ್ತದೆ.

ನಮ್ಮ ಕಡೆ ಇನ್ನೊಂದು ಎಚ್ಚರ ಬೇಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವ ನಾಡು. ಹಸಿ ಎಲೆ ಮುರಿಯುವಾಗ, ಕಡ್ಡಿಗೆ ಕಟ್ಟುವಾಗ ಅದರ ಅಂಟು ಮೈಬಟ್ಟೆಗೆಲ್ಲ ಮೆತ್ತಿಕೊಳ್ಳುತ್ತದೆ. ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿದು ತಲೆಸುತ್ತು, ವಾಂತಿ ತರಬಲ್ಲದು. ಸೊಪ್ಪಿನ ಕೆಲಸಕ್ಕೆ ಉಟ್ಟ ಬಟ್ಟೆ, ಬೆಳೆಗೆ ಔಷಧಿ ಹೊಡೆಯುವಾಗ ತೊಟ್ಟ ಬಟ್ಟೆ ಎಷ್ಟೇ ಗಟ್ಟಿಯಿದ್ದರೂ ಕೌದಿಗೆ ಬೇಡ. ಹಸುಗೂಸಿನ ಕೌದಿಗಂತೂ ಬೇಡವೇ ಬೇಡ. ಅವುಗಳನ್ನು ಬೇರೆ ಒಗೆದು, ಬೇರೆ ಇಟ್ಟು, ಅದೇ ಕೆಲಸಕ್ಕೆ ಮುಗಿಸಿಬಿಡಿ.

ಸೀರೆಯನ್ನು ಬೆಳಕಿಗೆ ಹಿಡಿದು

ಹಳೆಯ ನೂಲಿನ ಸೀರೆ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ಬಾಗಿಲ ಬೆಳಕಿಗೆ ಹಿಡಿದು ಒಂದು ತುದಿಯಿಂದ ಮೆಲ್ಲಗೆ ಸರಿಸುತ್ತ ಬನ್ನಿ. ಸೊಂಟಕ್ಕೆ ಮೊದಲು ಸಿಕ್ಕಿಸುವ ಒಳತುದಿ ದಟ್ಟವಾಗಿ, ಹೊಸದರಂತೆ ಕಾಣುತ್ತದೆ. ಕೂತೆದ್ದ ಕಡೆ ಎಳೆಗಳು ದೂರ ಸರಿದು ಬೆಳಕು ಹಾಯುತ್ತದೆ. ಕೆಳ ಅಂಚು ಕಾಲಿಗೆ, ನೆಲಕ್ಕೆ ತಾಗಿ ಜುಂಗುಜುಂಗಾಗಿರುತ್ತದೆ. ಸೆರಗಿನ ಎಳೆ ಗಟ್ಟಿಯಿದ್ದರೂ ಕೈ ಒರೆಸಿದ ಕಲೆಗಳಿರುತ್ತವೆ. ಸಂಶಯ ಬಂದ ಜಾಗವನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಹಗುರಾಗಿ ಎಳೆಯಿರಿ. ನೇಯ್ಗೆ ಬಾಯಿಬಿಟ್ಟರೆ ಅದು ಮೇಲ್ಪದರಕ್ಕೆ ಆಗದು, ಒಳಗಿನ ಪದರಕ್ಕೆ ಆಗುತ್ತದೆ.

ಅಂಗಿಯಲ್ಲಿ ಕಾಲರು, ಮೊಣಕೈ ಮೊದಲು ಹೋಗುತ್ತವೆ, ಬೆನ್ನಿನ ಭಾಗ ಉಳಿದಿರುತ್ತದೆ. ಗುಂಡಿಗಳನ್ನು ಬಿಡಿಸಿ ಡಬ್ಬಿಗೆ ಹಾಕಿ, ಹೊಲಿಗೆ ಬಿಚ್ಚಿ ಬಟ್ಟೆಯನ್ನು ಚಪ್ಪಟೆ ತುಂಡುಗಳಾಗಿ ಮಾಡಿಟ್ಟರೆ ಅರ್ಧ ಜಾಗ ಸಾಕು.

ಸೀರೆಯ ಲೆಕ್ಕವನ್ನೂ ತಿಳಿದಿರಬೇಕು. ಐದೂವರೆ ಮೀಟರ್ ಸೀರೆಯಿಂದ 2.25 ಮೀಟರಿನ ಎರಡು ತುಂಡು ಸಿಗುತ್ತವೆ, ಇನ್ನೂ ಒಂದು ಮೀಟರ್ ಉಳಿಯುತ್ತದೆ. ಎರಡನ್ನೂ ಅಂಚಿಗೆ ಅಂಚು ಜೋಡಿಸಿದರೆ ಇಬ್ಬರು ಹೊದೆಯುವಷ್ಟು ದೊಡ್ಡ ಒಂದು ಪದರ. ಮೂರು ಪದರದ ಕೌದಿಗೆ ಮೂರು ಸೀರೆ. ಉಳಿದ ಮೂರು ಮೀಟರು ಅಂಚಿಗೂ ತೇಪೆಗೂ ಆಯಿತು. ಈ ಲೆಕ್ಕ ಗೊತ್ತಿದ್ದರೆ ಎಷ್ಟು ಬಟ್ಟೆ ಇಟ್ಟುಕೊಳ್ಳಬೇಕು, ಎಷ್ಟನ್ನು ಬೇರೆಯವರಿಗೆ ಕೊಡಬಹುದು ಎಂಬುದು ತಾನಾಗಿ ತಿಳಿಯುತ್ತದೆ.

ಮೂರು ಗಂಟು

ವಿಂಗಡಿಸುವಾಗ ಮೊದಲು ಬಟ್ಟೆಯ ಜಾತಿ ನೋಡಿ, ಬಣ್ಣ ಆಮೇಲೆ. ಹತ್ತಿ, ರೇಷ್ಮೆ, ಪಾಲಿಯೆಸ್ಟರ್ ಮೂರೂ ಒಗೆತಕ್ಕೆ, ಬಿಸಿಗೆ ಬೇರೆಬೇರೆ ರೀತಿ ನಡೆದುಕೊಳ್ಳುತ್ತವೆ. ಯಾವುದೆಂದು ತಿಳಿಯದಿದ್ದರೆ ಒಂದೆರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿರುವ ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಮೆತ್ತನೆ ಬೂದಿಯಾಗುತ್ತದೆ. ರೇಷ್ಮೆಯೂ ಉಣ್ಣೆಯೂ ಕೂದಲು ಸುಟ್ಟಂತೆ ನಾರುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆವರು ಹೀರುವ ಹೊದಿಕೆಗೆ ಹತ್ತಿಯೇ ಸರಿ.

ಜಾತಿ ಗೊತ್ತಾದ ಮೇಲೆ ಹತ್ತಿಯನ್ನು ಮೂರು ಗಂಟು ಮಾಡಿ. ಮೊದಲನೆಯದು ಮೇಲ್ಪದರದ್ದು: ಗಟ್ಟಿ, ಬಣ್ಣ ನಿಲ್ಲುವ ಬಟ್ಟೆ. ಎರಡನೆಯದು ಒಳಪದರದ್ದು: ಸವೆದ, ಕಲೆಯಾದ, ಆದರೆ ಶುಚಿಯಾದ ಬಟ್ಟೆ. ಮೂರನೆಯದು ಅಂಚಿನದು: ಸೀರೆಯ ಬಾರ್ಡರು, ಪಂಚೆಯ ಅಂಚು, ಉದ್ದನೆಯ ಪಟ್ಟಿಗಳು. ಮೇಲ್ಪದರದ ಗಂಟಿನೊಳಗೆ ಮತ್ತೆ ಅಳತೆಯ ಪ್ರಕಾರ ಅಂಗೈಯಗಲದ್ದು, ಗೇಣಿನದು, ಮೊಳದ್ದು ಎಂದು ಬೇರೆ ಮಾಡಿ. ಬಣ್ಣದ ಜೋಡಣೆ ಕೊನೆಗೆ.

ಗಂಟಿನೊಳಗೆ ಏನಿದೆ ಎಂದು ಬಿಚ್ಚದೆ ತಿಳಿಯಲು ಒಳಗಿರುವ ಬಟ್ಟೆಯದೇ ಒಂದೊಂದು ಚೂರನ್ನು ದಾರದಿಂದ ಹೊರಗೆ ಕಟ್ಟಿ. ಓದು ಬರದ ಅಜ್ಜಿಗೂ ಅದೇ ಪಟ್ಟಿ. ಪಿನ್ನು ಬೇಡ, ಮಳೆಗಾಲದಲ್ಲಿ ಅದು ತುಕ್ಕು ಬಿಟ್ಟು ಬಟ್ಟೆಗೆ ತೂತು ಮಾಡುತ್ತದೆ. ಬೀರುವಿನಲ್ಲಿಡುವುದಾದರೆ ಎಲ್ಲ ಬಟ್ಟೆಯನ್ನೂ ಒಂದೇ ಅಗಲಕ್ಕೆ ಮಡಿಸಿ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿದರೆ ತಳದ ಬಟ್ಟೆ ಮರೆತೇ ಹೋಗುತ್ತದೆ.

ಸಿದ್ದಿ ಹೆಂಗಸರ ಪಾಠ

ಹೊಲಿಯುವ ಕ್ರಮಕ್ಕೆ ತಕ್ಕಂತೆ ಬಟ್ಟೆ ಜೋಡಿಸಬೇಕೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆಯಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕವಂದಿ ಎಂಬ ಕೌದಿ ಹೊಲಿಯುತ್ತಾರೆ. ಆಫ್ರಿಕಾದಿಂದ ಬಂದವರ ಸಂತತಿಯಾದ ಇವರು ಹೊರ ಅಂಚಿನಿಂದ ಶುರುಮಾಡಿ, ಚೂರುಗಳನ್ನು ಒಂದರ ಪಕ್ಕ ಒಂದು ಇಡುತ್ತ, ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ‘ಫುಲಾ’ ಎಂಬ ಮಡಿಸಿದ ಮುಕ್ಕೋನದ ಚೂರು ಇರಲೇಬೇಕು. ಅದಿಲ್ಲದ ಕವಂದಿ ಬೆತ್ತಲೆ ಎಂದೇ ಅವರ ಎಣಿಕೆ. 2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಅವರ ಒತ್ತಾಸೆಯಿಂದ ಈ ಹೆಂಗಸರ ಸಹಕಾರ ಕೂಟ ಹುಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನವೂ ನಡೆಯಿತು.

ಹೀಗೆ ಹೊಲಿಯುವವರಿಗೆ ಉದ್ದ ತುಂಡು ಮೊದಲೇ ಬೇಕು, ನಡುವಿಗೆ ಹೋದಂತೆ ಸಣ್ಣ ಚೂರು ಬೇಕು, ಫುಲಾಗೆ ಹೊಳಪಿನ ಬಟ್ಟೆ ಬೇರೆ ಇರಬೇಕು. ನಿಮ್ಮ ಕೌದಿಯ ರೀತಿ ಯಾವುದೇ ಇರಲಿ, ಮೊದಲು ಬೇಕಾದ ಗಂಟು ಮೊದಲು ಕೈಗೆ ಸಿಗುವ ಕಡೆ ಇರಲಿ.

ಎಲ್ಲಿ ಇಡುವುದು

ತಗಡಿನ ಟ್ರಂಕು ಇಲಿಯನ್ನು ತಡೆಯುತ್ತದೆ, ತುಕ್ಕನ್ನು ತಡೆಯದು. ತುಕ್ಕಿನ ಕಬ್ಬಿಣ ಹತ್ತಿಯ ಎಳೆಯನ್ನೇ ಪುಡಿ ಮಾಡುತ್ತದೆ. ಒಳಗೆ ಒಗೆದ ಹಳೆ ಬಿಳಿ ಪಂಚೆಯನ್ನು ಎರಡು ಮಡಿಕೆ ಹಾಸಿ, ಮೇಲೂ ಅದರಿಂದಲೇ ಮುಚ್ಚಿ. ನ್ಯೂಸ್‌ಪೇಪರ್ ಹಾಸಬೇಡಿ, ಅದರ ಮಸಿಯೂ ಆಮ್ಲವೂ ಬಟ್ಟೆಗೆ ಇಳಿಯುತ್ತವೆ. ಬರಿಯ ಮರದ ಹಲಗೆಗೆ ತಾಗಿದ ಬಿಳಿ ಬಟ್ಟೆಯೂ ಕಾಲಕ್ರಮೇಣ ಹಳದಿಯಾಗುತ್ತದೆ, ಅಲ್ಲಿಯೂ ಹತ್ತಿಯ ಹಾಸು ಬೇಕು. ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲ ಒಳಗಿನ ತೇವವನ್ನು ಹೊರಗೆ ಬಿಡದು. ಟ್ರಂಕನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು, ಗೋಡೆಯಿಂದ ಒಂದು ಗೇಣು ಸರಿಸಿ. ಮಳೆ ಹೊಡೆಯುವ ಪಡುವಣ ಗೋಡೆ ಬೇಡ.

ಹುಳದ ಉಪಾಯ

ನುಸಿಯ ಮರಿ ತಿನ್ನುವುದು ಉಣ್ಣೆ, ರೇಷ್ಮೆಯನ್ನು. ಆದ್ದರಿಂದ ಕಂಬಳಿ, ಉಲನ್ ಸ್ವೆಟರುಗಳನ್ನು ಹತ್ತಿಯ ಗಂಟಿನ ಜೊತೆ ಸೇರಿಸಬೇಡಿ. ಹತ್ತೊಂಬತ್ತನೇ ಶತಮಾನದಲ್ಲಿ ಸೇನೆಗೆ ಕಂಬಳಿ ತಯಾರಿಸುತ್ತಿದ್ದ ಹುಣಸೂರಿನ ಸೀಮೆ ಇದು, ಮನೆಯಲ್ಲಿ ಕಂಬಳಿ ಇದ್ದೇ ಇರುತ್ತದೆ. ಒಣಗಿದ ಬೇವಿನ ಸೊಪ್ಪು, ಲಕ್ಕಿ ಸೊಪ್ಪು, ಲಾವಂಚವನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಡಬಹುದು. ಎಲೆ ಬಟ್ಟೆಗೆ ನೇರವಾಗಿ ತಾಗಬಾರದು, ಕರೆ ಹಿಡಿಯುತ್ತದೆ. ವಾಸನೆ ಹೋದ ಮೇಲೆ ಬದಲಾಯಿಸಿ. ನುಸಿಗುಳಿಗೆ ಹಾಕಿದ ಟ್ರಂಕಿನ ಬಟ್ಟೆಯಿಂದ ಕೂಸಿನ ಕೌದಿ ಹೊಲಿಯಬೇಡಿ. ಹುಟ್ಟಿನಿಂದ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು ಪ್ರಾಣಕ್ಕೇ ಕುತ್ತು ತರಬಲ್ಲದು.

ವರ್ಷದ ಸರದಿ

ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ಬಿಸಿಲು ಚುರುಕು, ಗಾಳಿ ಒಣ. ಎಲ್ಲ ಗಂಟನ್ನೂ ಬಿಚ್ಚಿ ಹರವಲು ಅದೇ ಹದವಾದ ಕಾಲ. ಬಿಳಿ ಬಟ್ಟೆ ಬಿಸಿಲಿನಲ್ಲಿ, ಬಣ್ಣದ್ದು ನೆರಳಿನ ಗಾಳಿಯಲ್ಲಿ. ತಿರುಗಿ ಮಡಿಸುವಾಗ ಹಳೆ ಮಡಿಕೆಯ ಗೆರೆ ತಪ್ಪಿಸಿ, ಇಲ್ಲದಿದ್ದರೆ ರೇಷ್ಮೆ ಆ ಗೆರೆಯಲ್ಲೇ ಬಿರಿಯುತ್ತದೆ. ಗೌರಿ ಹಬ್ಬದ ಮುಂಚಿನ ಒಂದು ಹೊಳವಿನ ದಿನ ಟ್ರಂಕಿನ ಬಾಯಿ ತೆರೆದಿಡಿ. ದೀಪಾವಳಿ ಕಳೆದ ಮೇಲೆ ಬೂಷ್ಟು, ಹುಳ ನೋಡಿ.

ಟ್ರಂಕು ತುಂಬಿದರೆ ಇನ್ನೊಂದು ಟ್ರಂಕು ಕೊಳ್ಳುವ ಮೊದಲು ಒಂದು ಕೌದಿ ಹೊಲಿಯಿರಿ. ಎರಡು ವರ್ಷದಿಂದ ಕೈ ಹಾಕದ ಬಟ್ಟೆಯನ್ನು ಹೊಲಿಯುವವರಿಗೆ ಕೊಟ್ಟುಬಿಡಿ. ಯಾರ ಸೀರೆ, ಯಾವ ಮದುವೆಯದು, ಯಾವ ವರ್ಷದ್ದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅವ್ವನ ಸೀರೆ ಯಾವ ಪದರದಲ್ಲಿದೆ ಎಂದು ಮೊಮ್ಮಕ್ಕಳಿಗೆ ಹೇಳಲು ಆ ಪುಟ ಬೇಕಾಗುತ್ತದೆ. ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಈ ವಾರ ಒಂದು ಗಂಟು ಬಿಚ್ಚಿ, ಒಗೆದು, ಬೆಳಕಿಗೆ ಹಿಡಿದು, ಮೂರು ಪಾಲು ಮಾಡಿ. ಆ ಮೂರು ಪಾಲಿನಿಂದಲೇ ಮುಂದಿನ ಅಧ್ಯಾಯದಲ್ಲಿ ಪದರ ಹಾಸಿ ಹೊಲಿಗೆ ಹಾಕಲು ಶುರುಮಾಡೋಣ.